ವಾದಿಯೊಳಗಿಂದ ಕರೆದ ಕಾರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಅಪ್ಪನ ಕಾರಿನದು. ಎರಡನೆಯ ದೊಡ್ಡ ಬಾಯಿ ಅಮ್ಮನದು. ಇವೆರಡೂ ಸುಮ್ಮನಾದ ಮೇಲೆ ಹೊತ್ತು ಉಳಿದರೆ ಅಪ್ಪ, ಅಕ್ಕ ಮತ್ತು ನಾನು ಮಾತಾಡುತ್ತಿದ್ದೆವು. ಆಗ ನಾವಿದ್ದದ್ದು ಮಸ್ಕತ್ತಿನ ವಾದಿ ಕಬೀರ್‌ನಲ್ಲಿ, ಒಂದು ಗ್ಯಾರೇಜಿನ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ಗ್ರೀಸ್, ಪೆಟ್ರೋಲ್, ಬಣ್ಣದ ವಾಸನೆ ಮೇಲೆ ಬರುತ್ತಿತ್ತು. ಮೇಲಿನಿಂದ ಅಮ್ಮನ ಬಂಗುಡೆ ಸಾರಿನ ವಾಸನೆ ಕೆಳಗೆ ಹೋಗುತ್ತಿತ್ತು. ಟಿಂಕರಿಂಗ್‌ನವರು ತಗಡು ಬಡಿಯುವ ಸದ್ದಿಲ್ಲದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಅಪ್ಪ ಆ ಗ್ಯಾರೇಜಿನ ದೊಡ್ಡ ಮೆಕ್ಯಾನಿಕ್. ಉಡುಪಿ ಕಡೆ ಬಸ್ಸುಗಳನ್ನು ರಿಪೇರಿ ಮಾಡುತ್ತಾ ಕೆಲಸ ಕಲಿತು, ಆಮೇಲೆ ಒಮಾನಿಗೆ ಬಂದವರು. ಗ್ಯಾರೇಜಿನ ಹಿಂದೆ ಧೂಳು ತಿನ್ನುತ್ತಾ ಒಂದು ಅಮೆರಿಕದ ಕಾರು ಬಿದ್ದಿತ್ತು. ಯಜಮಾನರ ಮಗ ಹಡಗಿನಲ್ಲಿ ತರಿಸಿ, ಒಂದೇ ಬೇಸಿಗೆಯಲ್ಲಿ ಓಡಿಸಿ ಓಡಿಸಿ ಎಂಜಿನ್ ಸುಟ್ಟು ಬಿಟ್ಟುಹೋದದ್ದು. ಅಪ್ಪ ಅದರ ಸುತ್ತ ತಿರುಗುವುದನ್ನು ನೋಡಿ ನೋಡಿ ಯಜಮಾನರು ಒಂದು ದಿನ "ಖಲಾಸ್, ನೀನೇ ಇಟ್ಟುಕೋ" ಅಂದರಂತೆ. ಅಂದಿನಿಂದ ಅಪ್ಪನ ರಜೆಯ ಶುಕ್ರವಾರಗಳೆಲ್ಲ ಅದರ ಪಾಲಾದವು.

ನಿಮಗೆ ಅದು ಹೇಗಿತ್ತು ಅಂತ ಹೇಳಬೇಕು. ಬಣ್ಣ ಸಾಸಿವೆ ಹಳದಿ. ಎರಡೇ ಬಾಗಿಲು, ಒಂದೊಂದನ್ನೂ ಎಳೆದು ಹಾಕಲು ನನಗೆ ಎರಡೂ ಕೈ ಬೇಕಿತ್ತು. ಮುಂದಿನ ಬಾನೆಟ್ ಎಷ್ಟು ಉದ್ದವೆಂದರೆ ಅಕ್ಕ ಮತ್ತು ನಾನು ಅದರ ಮೇಲೆ ಕಾಲು ಚಾಚಿ ಮಲಗಬಹುದಿತ್ತು. ಹಿಂದಿನ ಸೀಟು ಒಂದೇ ಉದ್ದನೆಯ ಹಾಸಿಗೆ. ಬಿಸಿಲಿನಲ್ಲಿ ಕೂತರೆ ತೊಡೆಯ ಚರ್ಮ ಅಂಟಿಕೊಂಡು ಏಳುವಾಗ ಚರ್ರ್ ಅನ್ನುತ್ತಿತ್ತು. ಬೆಲ್ಟ್ ಇಲ್ಲ, ಏಸಿ ಇಲ್ಲ, ಹಾಡಿಲ್ಲ. ಒಳಗೆ ಎಂಟು ಸಿಲಿಂಡರಿನ ಎಂಜಿನ್. ಸುಮ್ಮನೆ ನಿಂತಾಗಲೂ ಗುಡುಗುಡು ಅನ್ನುತ್ತಿತ್ತು, ಪೆಡಲ್ ಒತ್ತಿದರೆ ನಮ್ಮ ಅಡುಗೆಮನೆಯ ಲೋಟಗಳು ಶೆಲ್ಫಿನಲ್ಲಿ ಕುಣಿಯುತ್ತಿದ್ದವು. ಪೆಟ್ರೋಲ್ ಕುಡಿಯುವುದರಲ್ಲಿ ಬಕಾಸುರ. ಅಮ್ಮ ಅದನ್ನು ಕರೆಯುತ್ತಿದ್ದದ್ದೇ "ಆ ಪಿಶಾಚಿ" ಅಂತ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅಪ್ಪನಿಗೆ ಅದು ಹಾಗೆ.

ಅಪ್ಪ ನನ್ನ ಜೊತೆ ಒಂದು ಆಟ ಆಡುತ್ತಿದ್ದರು. ನಾನು ಮೇಲೆ ಅಡುಗೆಮನೆಯಲ್ಲಿ ಕೂತಿರಬೇಕು, ಅವರು ಕೆಳಗೆ ಎಂಜಿನ್ ಚಾಲೂ ಮಾಡುತ್ತಾರೆ. ಎಲ್ಲ ಸಿಲಿಂಡರೂ ಓಡುತ್ತಿವೆಯೋ, ಒಂದು ಮುಷ್ಕರ ಹೂಡಿದೆಯೋ, ಪೆಟ್ರೋಲ್ ಕಡಿಮೆಯಾಗಿ ಕೆಮ್ಮುತ್ತಿದೆಯೋ, ನಾನು ಕಿಟಕಿಯಿಂದ ಕೂಗಿ ಹೇಳಬೇಕು. ಸರಿಯಾದರೆ ಅಪ್ಪ ಸ್ಪ್ಯಾನರಿನಿಂದ ಡ್ರಮ್ಮಿಗೆ ಒಂದು ಏಟು ಹೊಡೆಯುತ್ತಿದ್ದರು. ಅಕ್ಕನಿಗೆ ಈ ಆಟ ಬೇಡ, ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಓದುವವಳು. ಶಾಲೆಯಲ್ಲಿ ಯಾವುದರಲ್ಲೂ ಮುಂದಿರದ ನನಗೆ ಅದೊಂದೇ ಹೆಮ್ಮೆ.

ಚಳಿ ಮುಗಿದು ಬಿಸಿಲು ಏರಲು ಶುರುವಾದ ಒಂದು ಶುಕ್ರವಾರ. ಕಾರು ಪೂರ್ತಿ ತಯಾರಾಗಿತ್ತು. ಬೆಳಿಗ್ಗೆ ಅಪ್ಪ ನೀರುದೋಸೆಯನ್ನು ನಿಂತುಕೊಂಡೇ ತಿಂದರು, ತಲೆಗೆ ಬೈರಾಸು ಸುತ್ತಿದರು, ಕನ್ನಡಿ ನೋಡಿಕೊಂಡರು. "ಸಂಜೆ ಇಗರ್ಜಿಗೆ ಇದರಲ್ಲೇ ಹೋಗುವ. ಎಲ್ಲರೂ ಒಳ್ಳೆ ಬಟ್ಟೆ ಹಾಕಿ" ಅಂದರು. ಅದಕ್ಕೆ ಮೊದಲು ಒಂದು ಸುತ್ತು ಓಡಿಸಿ ನೋಡಬೇಕು, ಹೊಸದಾಗಿ ಜೋಡಿಸಿದ ಎಂಜಿನ್ ದಾರಿಯಲ್ಲಿ ಕೈಕೊಟ್ಟರೆ ಊರವರೆದುರು ಮರ್ಯಾದೆ ಹೋಗುತ್ತದೆ ಅಂತ ಒಬ್ಬರೇ ಹೊರಟರು.

ಅಮ್ಮ ಬಾಗಿಲವರೆಗೆ ಬಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಹೊರಟವರನ್ನು "ಎಲ್ಲಿಗೆ" ಅಂತ ಕೇಳಬಾರದು ಅನ್ನುವುದು ನಮ್ಮ ಊರಿನ ಪದ್ಧತಿ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬಾಯಿ ತಪ್ಪಿ ಕೇಳಿಬಿಟ್ಟರೆ ಹೊರಟವರು ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಸಮುದ್ರ ದಾಟಿ ಬಂದರೂ ಅಮ್ಮ ಅದನ್ನು ಬಿಟ್ಟಿರಲಿಲ್ಲ. "ದೂರವಾ?" ಅಂತ ಮಾತ್ರ ಕೇಳಿದಳು. "ಎಂತ ದೂರ? ಊಟದೊಳಗೆ ಬರ್ತೇನೆ" ಅಂದರು ಅಪ್ಪ.

ನಾನು ಪಾತ್ರೆ ತೊಳೆಯುತ್ತಾ ಆ ಸದ್ದು ದೂರವಾಗುವುದನ್ನು ಕೇಳುತ್ತಿದ್ದೆ. ಓಣಿಯ ಕೊನೆಯವರೆಗೆ ಹೋಯಿತು, ತಿರುಗಿತು, ಏರು ಸಿಕ್ಕಾಗ ದನಿ ದಪ್ಪವಾಯಿತು, ಆಮೇಲೆ ಗುಡ್ಡದ ಹಿಂದೆ ಹೋಗಿ ಒಮ್ಮೆಲೇ ಕಡಿದುಹೋಯಿತು. ನಾನು ಮುಂದಿನ ತಟ್ಟೆ ಎತ್ತಿಕೊಂಡೆ.

ಊಟದ ಹೊತ್ತಾಯಿತು. ಕುಚ್ಚಲಕ್ಕಿ ಅನ್ನ ಬಟ್ಟಲಲ್ಲಿ ತಣ್ಣಗಾಯಿತು. ಅಮ್ಮ ಮೊದಲು ಸಿಟ್ಟು ಮಾಡಿಕೊಂಡಳು. ಅಪ್ಪ ಬಂದ ಮೇಲೆ ಏನೇನು ಬೈಯಬೇಕೋ ಅದನ್ನೆಲ್ಲ ನಮ್ಮ ಮುಂದೆ ಬೈದು ಅಭ್ಯಾಸ ಮಾಡಿದಳು. ಪಿಶಾಚಿಗೂ ಸೇರಿಸಿ ಬೈದಳು. ಆಮೇಲೆ ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು. ಒಂದು ಹೊತ್ತಿಗೆ ಅವಳ ಬೈಗುಳ ನಿಂತುಹೋಯಿತು. ಅಮ್ಮ ಬೈಯುವುದನ್ನು ನಿಲ್ಲಿಸಿದಾಗಲೇ ನನಗೂ ಅಕ್ಕನಿಗೂ ಹೆದರಿಕೆ ಹುಟ್ಟಿದ್ದು.

ಚಪ್ಪಲಿ ಮೆಟ್ಟಿ ಮೂವರೂ ಕೆಳಗಿಳಿದೆವು. ಆ ಕಾಲದಲ್ಲಿ ಕೈಯಲ್ಲಿ ಫೋನಿಲ್ಲ, ಮನೆಯಲ್ಲೂ ಇಲ್ಲ. ಶುಕ್ರವಾರ ಮಧ್ಯಾಹ್ನವಾದ್ದರಿಂದ ಗ್ಯಾರೇಜುಗಳ ಶಟರ್‌ಗಳೆಲ್ಲ ಕೆಳಗಿಳಿದಿದ್ದವು. ಟಿಂಕರಿಂಗ್‌ನವರಿಲ್ಲ, ಬಣ್ಣದವರಿಲ್ಲ, ಚಹಾದವನಿಲ್ಲ. ನಮ್ಮ ಕಟ್ಟಡದ ಪಕ್ಕದ ಅಂಗಡಿಯ ಕಾಕನ ಬಾಗಿಲಿಗೂ ಬೀಗ. ಕಾಕ ನಮ್ಮ ಕರಾವಳಿಯ ಬ್ಯಾರಿಗಳು, ಅಕ್ಕಿಯಿಂದ ಹಿಡಿದು ಒಣಮೀನಿನವರೆಗೆ ನಮಗೆ ಎಲ್ಲ ಅವರಲ್ಲೇ. ಅವರಲ್ಲಿ ಒಂದು ಹಳೆಯ ಪಿಕಪ್ ಇತ್ತು. ಎಲ್ಲರೂ ಜುಮಾ ನಮಾಜಿಗೆ ಹೋಗಿದ್ದರು. ಅಷ್ಟು ಗಲಾಟೆಯ ಬೀದಿಯಲ್ಲಿ ನಮ್ಮ ಚಪ್ಪಲಿಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಮಸೀದಿಯ ಗೋಡೆಯ ತುಸು ನೆರಳಿನಲ್ಲಿ ನಿಂತೆವು. ಒಳಗಿನಿಂದ ಪ್ರವಚನ ಕೇಳುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಾನು ಆ ರಾಶಿಯಲ್ಲಿ ಕಾಕನ ಕಂದು ಚಪ್ಪಲಿಯನ್ನು ಹುಡುಕಿ ಅದನ್ನೇ ನೋಡುತ್ತಾ ನಿಂತೆ. ಅಮ್ಮನ ಕೈಯಲ್ಲಿ ಜಪಸರ ಇತ್ತು, ಆದರೆ ಬೆರಳು ಮಣಿಯಿಂದ ಮಣಿಗೆ ಸರಿಯುತ್ತಿರಲಿಲ್ಲ. ದೇವರನ್ನು ನೆನೆಯುತ್ತಿರುವವರ ಬಾಗಿಲಲ್ಲಿ ನಿಂತು, ಬೇಗ ಮುಗಿಸಲಿ ಬೇಗ ಮುಗಿಸಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಅಷ್ಟು ಉದ್ದದ ಹೊತ್ತನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ, ಹೆರಿಗೆ ಕೋಣೆಯಲ್ಲೂ ಕಂಡಿಲ್ಲ.

ಕಾಕ ಹೊರಗೆ ಬಂದವರು ಅಮ್ಮನ ಮುಖ ನೋಡಿದರು. "ಎಂತಾಯ್ತು ಬಾಯಮ್ಮ?"

"ಅವರು ಬರ್ಲಿಲ್ಲ ಕಾಕ. ಬೆಳಿಗ್ಗೆ ಕಾರು ತೆಗೆದುಕೊಂಡು ಹೋದದ್ದು."

"ಎಲ್ಲಿಗೆ ಹೋದದ್ದು?"

"ಕೇಳ್ಲಿಲ್ಲ" ಅಂದಳು ಅಮ್ಮ. ಅಷ್ಟು ಸಣ್ಣ ದನಿ ಅಮ್ಮನಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾಕೆ ಕೇಳಲಿಲ್ಲ ಅಂತ ಕಾಕ ಕೇಳಲಿಲ್ಲ. ಅವರೂ ನಮ್ಮ ಊರಿನವರೇ, ಅವರ ಮನೆಯಲ್ಲೂ ಹೊರಟವರನ್ನು ಹಾಗೆ ಕೇಳುವುದಿಲ್ಲ.

ಗಾಡಿ ಇದ್ದ ಬೇರೆಯವರು ಆಗಲೇ ಚದುರಿದ್ದರು. ಇದ್ದದ್ದು ಕಾಕನ ಪಿಕಪ್ ಒಂದೇ, ದಾರಿ ಎರಡು. ಒಂದು ವಾದಿ ಅದಾಯ್ ಕಡೆಯ ಟಾರು ರಸ್ತೆ. ಇನ್ನೊಂದು ಗುಡ್ಡಗಳ ನಡುವೆ ಹೋಗುವ ಮಣ್ಣಿನ ದಾರಿ, ಮುಂದೆ ಅದು ಒಣಗಿದ ವಾದಿಯೊಳಗೇ ಇಳಿಯುತ್ತದೆ. ವಾದಿ ಅಂದರೆ ಮಳೆ ಬಿದ್ದರೆ ಹೊಳೆ, ಇಲ್ಲದಿದ್ದರೆ ಬರೀ ಜಲ್ಲಿ. "ಟಾರು ರಸ್ತೆಗೇ ಹೋಗಿರ್ಬೇಕು, ಅಷ್ಟು ಚಂದದ ಕಾರನ್ನು ಕಲ್ಲಿಗೆ ಹಾಕ್ತಾರಾ?" ಅಂದರು ಕಾಕ. ಅಕ್ಕನೂ ಹೌದೆಂದಳು.

"ಅಲ್ಲ" ಅಂದೆ ನಾನು. ಎಲ್ಲರೂ ನನ್ನನ್ನು ನೋಡಿದರು. ಏರು ಸಿಕ್ಕಿದ ಸದ್ದು, ಗುಡ್ಡದ ಹಿಂದೆ ಕಡಿದುಹೋದ ಸದ್ದು, ಎಲ್ಲ ಹೇಳಿದೆ. ಟಾರು ರಸ್ತೆಗೆ ಹೋಗಿದ್ದರೆ ಸದ್ದು ನಿಧಾನಕ್ಕೆ ಕರಗುತ್ತಿತ್ತು, ಹೀಗೆ ಕಡಿಯುತ್ತಿರಲಿಲ್ಲ.

"ಖಾತ್ರಿ ಉಂಟಾ ಮಗಾ?" ಕಾಕ ಕೇಳಿದರು.

"ಉಂಟು" ಅಂದೆ. ನನ್ನ ಕಿವಿ ತಪ್ಪಿದ್ದರೆ ನಾವು ಅಪ್ಪನಿಗೆ ಬೆನ್ನು ಹಾಕಿ ಹೋಗುತ್ತಿದ್ದೇವೆ. ಅಮ್ಮ ಎಲ್ಲರಿಗಿಂತ ಮೊದಲು ಪಿಕಪ್ ಹತ್ತಿದಳು.

ಮಣ್ಣಿನ ದಾರಿಯಲ್ಲಿ ಪಿಕಪ್ ಎಗರಿ ಎಗರಿ ಬಿದ್ದು ಓಡಿತು. ಧೂಳು ಬಾಯಿಗೆಲ್ಲ ತುಂಬಿತು. ಪ್ರತಿ ತಿರುವಿನಲ್ಲಿ ಹಳದಿ ಕಾಣುತ್ತದೆ ಅಂದುಕೊಳ್ಳುವುದು, ಬರೀ ಕಲ್ಲು ಕಾಣುವುದು. ಗುಡ್ಡಗಳು ಎರಡೂ ಕಡೆ ಹತ್ತಿರ ಬಂದವು. ಅಕ್ಕ ನನ್ನ ಕೈ ಹಿಡಿದಿದ್ದಳು. ಅವಳ ಉಗುರು ಚುಚ್ಚುತ್ತಿತ್ತು, ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ದಾರಿ ಮುಗಿದು ವಾದಿಯ ಜಲ್ಲಿ ಶುರುವಾದಾಗ ಕಾಕ ನಿಲ್ಲಿಸಿ ಸುತ್ತ ನೋಡಿದರು. ಯಾರೂ ಇಲ್ಲ, ಏನೂ ಇಲ್ಲ. ಪಿಕಪ್ಪಿನ ಗಡಗಡ ಒಂದೇ.

"ಎಂಜಿನ್ ಆಫ್ ಮಾಡಿ ಕಾಕ. ನನಗೆ ಕೇಳ್ಬೇಕು" ಅಂದೆ.

ಕಾಕ ತಲೆ ಅಲ್ಲಾಡಿಸಿದರು. "ಬ್ಯಾಟರಿ ಸತ್ತದ್ದು ಮಗಾ. ಒಮ್ಮೆ ನಿಂತರೆ ಮತ್ತೆ ಏಳುದಿಲ್ಲ. ಮತ್ತೆ ನಾವೇ ಇಲ್ಲಿ ಬಾಕಿ."

"ಆಫ್ ಮಾಡಿ" ಅಂದಳು ಅಮ್ಮ.

ಕಾಕ ಕೀ ತಿರುಗಿಸಿದರು. ಕಿವಿಯೊಳಗೆ ಗುಂಯ್ ಅನ್ನುವುದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲೋ ಆಡಿನ ಗಂಟೆ. ಗಾಳಿ. ಆಮೇಲೆ, ಬಹಳ ದೂರದಲ್ಲಿ, ಕಲ್ಲುಗಳ ಹಿಂದಿನಿಂದ, ಗುಡುಗುಡು. ನೋಡುತ್ತಿದ್ದಂತೆ ಅದು ಏರಿತು. ದಪ್ಪನೆಯ, ಎದೆಗೆ ತಾಗುವ ದನಿ ಇಡೀ ವಾದಿಯನ್ನು ತುಂಬಿತು. ಇಳಿಯಿತು. ಮತ್ತೆ ಏರಿತು, ಈ ಸಲ ಇನ್ನೂ ಉದ್ದಕ್ಕೆ.

"ಅಪ್ಪ! ಅಪ್ಪ ಪೆಡಲ್ ಒತ್ತುತ್ತಿದ್ದಾರೆ!" ಅಂತ ನಾನು ಕುಣಿದೇಬಿಟ್ಟೆ. ಅಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ಅಕ್ಕ ಮಾತ್ರ ನಗಲಿಲ್ಲ. "ಕಾರು ಓಡ್ತಾ ಉಂಟು, ಅಪ್ಪ ಇದ್ದಾರೆ" ಅಂದಳು. "ಹಾಗಾದ್ರೆ ಯಾಕೆ ಬರುದಿಲ್ಲ?"

ಕಾಕ ಕೀ ತಿರುಗಿಸಿದರು, ಮತ್ತೆ ತಿರುಗಿಸಿದರು. ಪಿಕಪ್ ಟಿಕ್ ಟಿಕ್ ಅಂತ ಮಾತ್ರ ಅಂದಿತು. ಅವರು ಹಿಂದಿನಿಂದ ಜಾಕಿ ತೆಗೆದು ಹೆಗಲಿಗೆ ಹಾಕಿಕೊಂಡರು, ಅಕ್ಕ ನೀರಿನ ಕ್ಯಾನ್ ಎತ್ತಿಕೊಂಡಳು, ನಾವು ಓಡಿದೆವು. ಜಲ್ಲಿಯಲ್ಲಿ ಓಡಿ ನೋಡಿದ್ದೀರಾ? ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಅಮ್ಮ ಬಿದ್ದಳು, ಎದ್ದಳು, ಚಪ್ಪಲಿಯನ್ನು ಅಲ್ಲೇ ಬಿಟ್ಟಳು.

ವಾದಿ ಒಂದೆಡೆ ಕವಲಾಯಿತು. ಸದ್ದು ಎರಡೂ ಕವಲಿನಿಂದ ಬರುತ್ತಿತ್ತು. ಗುಡ್ಡಗಳು ಅದನ್ನು ಚೆಂಡಿನ ಹಾಗೆ ಒಂದಕ್ಕೊಂದು ಎಸೆಯುತ್ತಿದ್ದವು. ಬಲಕ್ಕೆ ಓಡಿದೆ, ಅಲ್ಲಿ ಕೇಳಿಸಿತು. ಎಡಕ್ಕೆ ಓಡಿದೆ, ಅಲ್ಲೂ ಕೇಳಿಸಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ನನಗೆ ಗೊತ್ತಾಗುತ್ತಿಲ್ಲ. ಅಷ್ಟರಲ್ಲಿ ಆ ದನಿ ಒಮ್ಮೆ ಕೆಮ್ಮಿತು. ಆ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಪೆಟ್ರೋಲ್ ತಳ ಮುಟ್ಟಿದಾಗಿನ ಕೆಮ್ಮು. "ಬೇಡ, ಬೇಡ" ಅಂತ ನಾನು ಕಾರಿಗೆ ಹೇಳುತ್ತಿದ್ದೆ. ಇನ್ನೊಮ್ಮೆ ಕೆಮ್ಮಿತು, ತಡವರಿಸಿತು, ನಿಂತಿತು.

ಆ ಮೌನವನ್ನು ಹೇಗೆ ಹೇಳಲಿ? ಅಷ್ಟು ವರ್ಷ ಅಮ್ಮ ಬೇಡಿಕೊಂಡಿದ್ದ ಮೌನ ಅದು. "ಅಪ್ಪಾ!" ಅಂತ ನಾವಿಬ್ಬರೂ ಕೂಗಿದೆವು. ಗುಡ್ಡ ನಮ್ಮದೇ ಕೂಗನ್ನು ನಮಗೆ ವಾಪಸ್ ಕೊಟ್ಟಿತು, ಅದರ ಹಿಂದೆ ಏನೂ ಬರಲಿಲ್ಲ. ನಾನು ಎರಡೂ ಕಿವಿ ಮುಚ್ಚಿಕೊಂಡು ಜಲ್ಲಿಯ ಮೇಲೆ ಕೂತುಬಿಟ್ಟೆ. ಇನ್ನು ನನ್ನಿಂದ ಏನೂ ಉಪಯೋಗವಿಲ್ಲ ಅನ್ನಿಸಿತು.

ಆಗ ಅಕ್ಕ ಕಿರುಚಿದಳು. ಎಡಗಡೆಯ ಕವಲಿನಲ್ಲಿ, ಬಿಳಿ ಕಲ್ಲುಗಳ ಮೇಲೆ, ಕೆಂಪು ಹನಿಗಳು. "ರಕ್ತ! ಅಮ್ಮಾ, ರಕ್ತ!" ಅಮ್ಮ ಅಲ್ಲೇ ಕಲ್ಲಾದಳು. ನಾನು ಹೋಗಿ ಬೆರಳಿನಿಂದ ಮುಟ್ಟಿದೆ. ಜಿಡ್ಡು. ಮೂಸಿದೆ. "ಗೇರ್ ಬಾಕ್ಸಿನ ಆಯಿಲ್!" ಆ ಕಾರಿನ ಗೇರ್ ಬಾಕ್ಸಿನ ಎಣ್ಣೆ ಕೆಂಪು, ಅಪ್ಪನ ಅಂಗಿಗಳಲ್ಲೆಲ್ಲ ಅದರದೇ ಕಲೆ. ಅಳುವ ಅಕ್ಕನೇ ಕಣ್ಣೊರೆಸಿಕೊಂಡು ಮುಂದಾದಳು. ಒಂದು ಹನಿ, ಸ್ವಲ್ಪ ಆಚೆ ಇನ್ನೊಂದು ಹನಿ. ಬಗ್ಗಿಕೊಂಡು ಹನಿ ಹುಡುಕುತ್ತಾ, ನಮ್ಮನ್ನೆಲ್ಲ ಹಿಂದೆ ಹಾಕಿ ಅವಳೇ ಓಡಿದಳು.

ತಿರುವಿನಾಚೆ ಹಳದಿ ಬಣ್ಣ ಕಂಡಿತು. ಕಾರು ಒಂದು ಕಡೆಗೆ ವಾಲಿ ನಿಂತಿತ್ತು. ಕೆಳಗಿನಿಂದ ಒಂದು ಪಾದ ಹೊರಗೆ ಚಾಚಿತ್ತು.

ಬಗ್ಗಿ ನೋಡಿದೆವು, ಅಪ್ಪ ಬದುಕಿದ್ದರು. ಕಣ್ಣು ತೆರೆದಿತ್ತು, ತುಟಿ ಒಡೆದು ಬೆಳ್ಳಗಾಗಿತ್ತು. ಸೊಂಟದಿಂದ ಮೇಲಿನ ಮೈಯೆಲ್ಲ ಕಾರಿನ ಕೆಳಗೆ. ಮುಂದಿನ ಚಕ್ರ ತೊಡೆಯ ಮೇಲೆ ಕೂತು ಕಾಲನ್ನು ಜಲ್ಲಿಯೊಳಗೆ ಹೂತಿತ್ತು. ನಮ್ಮ ಕೂಗು ಅವರಿಗೆ ಕೇಳಿಸಿತ್ತಂತೆ, ಆದರೆ ಒಣಗಿದ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲವಂತೆ. ಅಕ್ಕ ಬೈರಾಸನ್ನು ನೀರಿನಲ್ಲಿ ಅದ್ದಿ ಅವರ ಬಾಯಿಗೆ ಹಿಂಡಿದಳು. ಕಾಕ ಚಪ್ಪಟೆ ಕಲ್ಲು ಹುಡುಕಿ ಜಾಕಿ ಕೂರಿಸಿದರು, ಅದು ಜಲ್ಲಿಯಲ್ಲಿ ಹುಗಿದು ವಾಲಿತು. ಮತ್ತೆ ಕೂರಿಸಿದರು, ಮತ್ತೆ ವಾಲಿತು. "ಯಾ ಅಲ್ಲಾಹ್" ಅನ್ನುತ್ತಾ ಅವರು ಬೆವರುತ್ತಿದ್ದರು. ಆಗ ಅಮ್ಮ ಮಂಡಿಯೂರಿ ಅಪ್ಪನ ಕಾಲಿನ ಕೆಳಗಿನ ಜಲ್ಲಿಯನ್ನು ಬರಿಗೈಯಲ್ಲಿ ಅಗೆಯತೊಡಗಿದಳು. ನಾನೂ ಅಗೆದೆ. ಕಾರು ಮೇಲೇಳದಿದ್ದರೆ ಕಾಲಾದರೂ ಕೆಳಗಿಳಿಯಲಿ ಅಂತ ಹೇಳಲು ಅವಳಿಗೆ ಉಸಿರಿರಲಿಲ್ಲ, ನನಗೆ ನೋಡಿಯೇ ಅರ್ಥವಾಯಿತು. ಉಗುರೆಲ್ಲ ಕಿತ್ತುಬಂದು ಅವಳ ಕೈಯಿಂದ ನಿಜವಾದ ರಕ್ತ ಸುರಿಯುತ್ತಿತ್ತು. ಜಾಕಿ ಒಂದಿಷ್ಟು ಎತ್ತಿತು, ಕಾಲು ಒಂದಿಷ್ಟು ಇಳಿಯಿತು, ನಾಲ್ವರೂ ಸೇರಿ ಎಳೆದೆವು. ಅಪ್ಪ ಆಗ ಕೂಗಿದ ಕೂಗು ನನಗೆ ಇವತ್ತೂ ಬೇಡ.

ಕಾಕ ಕಾರಿನ ಆ ಹಾಸಿಗೆಯಂಥ ಹಿಂದಿನ ಸೀಟನ್ನು ಕಿತ್ತು ಹೊರಗೆಳೆದರು. ಅದರ ಮೇಲೆ ಅಪ್ಪನನ್ನು ಮಲಗಿಸಿ, ಅಷ್ಟಷ್ಟು ದೂರಕ್ಕೆ ಇಳಿಸಿ, ಮತ್ತೆ ಎತ್ತಿ ತಂದೆವು. ಪಿಕಪ್ಪನ್ನು ಎಲ್ಲರೂ ಸೇರಿ ಇಳಿಜಾರಿಗೆ ತಳ್ಳಿದಾಗ ಪುಣ್ಯಕ್ಕೆ ಅದು ಎದ್ದಿತು.

ಆದದ್ದೇನು ಅಂತ ಅಪ್ಪ ಆಸ್ಪತ್ರೆಯಲ್ಲಿ ಹೇಳಿದರು. ವಾದಿಯಲ್ಲಿ ಗೇರ್ ಬಾಕ್ಸಿನಿಂದ ಎಣ್ಣೆ ಸೋರುವುದು ಗೊತ್ತಾಯಿತು. ಎಂಜಿನ್ ಓಡುತ್ತಿದ್ದರೆ ಮಾತ್ರ ಅದು ಎಲ್ಲಿಂದ ಸೋರುತ್ತದೆಂದು ಕಾಣುವುದು. ಜಾಕಿ ಗ್ಯಾರೇಜಿನಲ್ಲೇ ಉಳಿದಿತ್ತು. ಊರಿನಲ್ಲಿ ಬಸ್ಸಿನ ಚಕ್ರವನ್ನು ಮುರಕಲ್ಲಿನ ಮೇಲೆ ಹತ್ತಿಸಿ ಕೆಳಗೆ ನುಗ್ಗುವುದು ಅವರಿಗೆ ರೂಢಿ. ಅದೇ ಧೈರ್ಯದಲ್ಲಿ ಇಲ್ಲಿಯೂ ಎರಡು ಕಲ್ಲು ಇಟ್ಟು ಮುಂದಿನ ಚಕ್ರಗಳನ್ನು ಹತ್ತಿಸಿದರು. ನಮ್ಮ ಮುರಕಲ್ಲು ಗೋಡೆ ಕಟ್ಟುವ ಕೆಂಪು ಕಲ್ಲು, ಕಡಿದು ಮಾಡಿದ್ದು, ಚೌಕ, ಇಟ್ಟಲ್ಲಿ ಕೂರುತ್ತದೆ. ವಾದಿಯ ಕಲ್ಲನ್ನು ನೀರು ಉರುಟು ಮಾಡಿರುತ್ತದೆ, ಚಪ್ಪಟೆ ಕಂಡರೂ ಕೆಳಗೆ ಗುಂಡಗೇ. ಎಂಜಿನ್ನಿನ ನಡುಕಕ್ಕೆ ಒಂದು ಕಲ್ಲು ಉರುಳಿತು.

ಮಲಗಿದಲ್ಲಿಂದ ಕೀ ಕೈಗೆ ಸಿಗುವುದಿಲ್ಲ. ಸಿಗುತ್ತಿದ್ದದ್ದು ಗೇರ್ ಬಾಕ್ಸಿನಿಂದ ಮೇಲಕ್ಕೆ ಹೋಗುವ ಒಂದು ತೆಳ್ಳನೆಯ ಕಬ್ಬಿಣದ ಸರಳು. ಅದನ್ನು ಎಳೆದರೆ ಪೆಡಲ್ ಒತ್ತಿದ ಹಾಗೆ ಎಂಜಿನ್ ಗರ್ಜಿಸುತ್ತದೆ. ಯಾರಿಗಾದರೂ ಕೇಳಲಿ ಅಂತ ಎಳೆಯತೊಡಗಿದರು. ಆದರೆ ಒಂದೊಂದು ಎಳೆತಕ್ಕೂ ಬಕಾಸುರ ಪೆಟ್ರೋಲ್ ಕುಡಿಯುತ್ತದೆ. ಜಾಸ್ತಿ ಕೂಗಿದರೆ ಬೇಗ ಮುಗಿಯುತ್ತದೆ, ಕೂಗದೇ ಇದ್ದರೆ ಯಾರೂ ಬರುವುದಿಲ್ಲ. ಅದಕ್ಕೆ ಬೆರಳಿನಲ್ಲಿ ಜಪ ಎಣಿಸಿ, ಹತ್ತು ಜಪ ಮುಗಿದ ಮೇಲೆ ಒಮ್ಮೆ ಎಳೆಯುತ್ತಿದ್ದರಂತೆ.

"ಒಂದು ಗಾಡಿ ಬರುವ ಸದ್ದು ಕೇಳಿತು" ಅಂದರು ಅಪ್ಪ. "ಹತ್ತಿರ ಬಂತು, ಹತ್ತಿರ ಬಂತು, ನಿಂತೇ ಹೋಯ್ತು. ವಾಪಸ್ ಹೋದರು ಅಂತ ಮಾಡಿದೆ. ಇನ್ನು ಯಾರಿಗೆ ಉಳಿಸುದು ಅಂತ ಇದ್ದದ್ದೆಲ್ಲ ಎಳೆದುಬಿಟ್ಟೆ."

ಆ ಗಾಡಿ ನಮ್ಮದು. ಅದನ್ನು ನಿಲ್ಲಿಸಿದ್ದು ನಾನು ಕೇಳಿಸಿಕೊಳ್ಳುವುದಕ್ಕೆ. ನಾನು ಕುಣಿದಾಡಿದ ಆ ಉದ್ದನೆಯ ಗರ್ಜನೆ ಅಪ್ಪ ಆಸೆ ಬಿಟ್ಟು ಕೂಗಿದ ಕೂಗು. ಅದು ಗೊತ್ತಾದ ದಿನ ನಾನು ಊಟ ಮಾಡಲಿಲ್ಲ.

ಅಪ್ಪನ ಕಾಲು ಉಳಿಯಿತು, ಆದರೆ ಸೊಟ್ಟಗಾಯಿತು. ಮತ್ತೆಂದೂ ಅವರು ಕಾರಿನ ಕೆಳಗೆ ಹೋಗಲಿಲ್ಲ. ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಬೇರೆಯವರಿಗೆ ಕೆಲಸ ಹೇಳುತ್ತಿದ್ದರು. ಗ್ಯಾರೇಜಿನವರು ವಾದಿಯಿಂದ ಎಳೆದು ತಂದು ಸರಿಮಾಡಿದ ಹಳದಿ ಕಾರನ್ನು ಸಹಮ್ ಅನ್ನುವ ಊರಿನ ತೋಟದವರೊಬ್ಬರು ಕೊಂಡುಕೊಂಡರು. ಅವರು ಅದನ್ನು ಓಡಿಸಿಕೊಂಡು ಹೋದಾಗ ಅಡುಗೆಮನೆಯ ಲೋಟಗಳು ಕೊನೆಯ ಸಲ ಕುಣಿದವು. ಅಮ್ಮ 'ಪಿಶಾಚಿ' ಅನ್ನುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಕಾರು ಅಪ್ಪನ ಕಾಲು ಮುರಿದದ್ದು, ಅದೇ ಕಾರು ನಮ್ಮನ್ನು ಕರೆದದ್ದು. ಅದನ್ನು ಪ್ರೀತಿಸಬೇಕೋ ಶಪಿಸಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ, ಆದರೆ ಅಂಥ ದನಿ ಕೇಳಬೇಕು ಅಂತ ಜೀವ ಈಗಲೂ ಹಂಬಲಿಸುತ್ತದೆ.

ಈಗ ನಾನು ಮಗನ ಮನೆಯಲ್ಲಿದ್ದೇನೆ, ಅದೇ ಮಸ್ಕತ್ತಿನಲ್ಲಿ. ಅವನದು ಕರೆಂಟಿನ ಕಾರು. ಹೊರಟಿತೋ ನಿಂತಿತೋ ಗೊತ್ತಾಗುವುದಿಲ್ಲ. ಬೆಲ್ಟ್ ಹಾಕದಿದ್ದರೆ ಟಿಣ್, ಗೆರೆ ದಾಟಿದರೆ ಟಿಣ್, ನನಗೆ ಅಷ್ಟು ಟಿಣ್ ನನ್ನ ಅತ್ತೆಯೂ ಹೇಳಿರಲಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ, ಹಿಂದೆ ಮಗು ಅಡ್ಡ ಬಂದರೆ ತಾನೇ ನಿಲ್ಲುತ್ತದೆ. ಒಳ್ಳೆಯ ಕಾರು, ಸುಳ್ಳು ಯಾಕೆ ಹೇಳಲಿ? ಯಾರು ಎಲ್ಲಿದ್ದಾರೆಂದು ಫೋನಿನಲ್ಲಿ ನೀಲಿ ಚುಕ್ಕೆ ತೋರಿಸುತ್ತದೆ. "ಅಜ್ಜಿ, ರಿಲ್ಯಾಕ್ಸ್, ಡ್ಯಾಡಿ ಟ್ರಾಫಿಕ್‌ನಲ್ಲಿದ್ದಾರೆ" ಅಂತ ಮೊಮ್ಮಗಳು ನನಗೆ ಚುಕ್ಕೆ ತೋರಿಸುತ್ತಾಳೆ. ಚುಕ್ಕೆ ಎಲ್ಲಿದೆ ಅಂತ ಹೇಳುತ್ತದೆ. ನೀರಡಿಸಿದೆಯೇ, ನೋವಾಗಿದೆಯೇ ಅಂತ ಹೇಳುವುದಿಲ್ಲ. ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಮೊನ್ನೆ ರಜೆಯಲ್ಲಿ ಮಗ ನಮ್ಮನ್ನೆಲ್ಲ ಆ ವಾದಿಗೆ ಕರೆದುಕೊಂಡು ಹೋದ. ಕವಲಿನವರೆಗೆ ಈಗ ಒಳ್ಳೆಯ ರಸ್ತೆ ಇದೆ. ಕಾರು ನಿಂತಿತು, ನಿಂತದ್ದು ಯಾರಿಗೂ ಕೇಳಿಸಲಿಲ್ಲ. ಮೊಮ್ಮಗ ಫೋನನ್ನು ಮೇಲೆತ್ತಿ ಆ ಕಡೆ ಈ ಕಡೆ ತಿರುಗಿಸಿದ. "ನೋ ಸಿಗ್ನಲ್" ಅಂದ. ಚುಕ್ಕೆ ಮಾಯವಾಗಿತ್ತು. ನನಗೆ ತಡೆಯಲಾಗಲಿಲ್ಲ. ಇಬ್ಬರನ್ನೂ ಜಲ್ಲಿಯ ಮೇಲೆ ನಿಲ್ಲಿಸಿ, "ಕೂಗಿ" ಅಂದೆ.

"ವಾಟ್ ಶುಡ್ ವಿ ಶೌಟ್, ಅಜ್ಜಿ?" ಮೊಮ್ಮಗಳಿಗೆ ನಾಚಿಕೆ.

"ನಿಮ್ಮ ಅಪ್ಪನನ್ನು ಕರೆಯಿರಿ. ಇಂಗ್ಲಿಷಿನಲ್ಲಿ ಬೇಡ. ಗುಡ್ಡಕ್ಕೆ ಕೇಳಬೇಕು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ಉಸಿರು ತುಂಬಿಕೊಂಡು ಇಬ್ಬರೂ "ಅಪ್ಪಾ!" ಅಂದರು. ಕೂಗು ಗುಡ್ಡವನ್ನು ಮುಟ್ಟುವ ಮೊದಲೇ, ಅವರ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದ ಅವರ ಅಪ್ಪ "ಓ" ಅಂದ.